ವಾರಾನ್ನದಿಂದ ಬಸ್ ಪಾಸಿನವರೆಗೆ: ಹಾಸನ ಸೀಮೆಯ ಕಾಲೇಜು ವಿದ್ಯಾರ್ಥಿಗಳ ಊಟದ ಆಧಾರಗಳು

ಚನ್ನರಾಯಪಟ್ಟಣ ತಾಲ್ಲೂಕಿನ ಸಂತೇಶಿವರದಲ್ಲಿ 1931ರಲ್ಲಿ ಹುಟ್ಟಿದ ಕಾದಂಬರಿಕಾರ ಎಸ್.ಎಲ್. ಭೈರಪ್ಪನವರು ಬಾಲ್ಯದಲ್ಲೇ ತಾಯಿಯನ್ನು ಕಳೆದುಕೊಂಡು, ಸಿಕ್ಕ ಕೆಲಸ ಮಾಡುತ್ತ, ವಾರಾನ್ನ ಉಣ್ಣುತ್ತ ಓದಿದವರು. 1996ರಲ್ಲಿ ಪ್ರಕಟವಾದ ಅವರ ಆತ್ಮಕಥೆ ‘ಭಿತ್ತಿ’ಯನ್ನು ಸಾಹಿತ್ಯದ ವಿದ್ಯಾರ್ಥಿಗಳು ಒಂದು ರೀತಿ ಓದುತ್ತಾರೆ, ಆಹಾರದ ಇತಿಹಾಸ ಬರೆಯುವವರು ಇನ್ನೊಂದು ರೀತಿ ಓದಬೇಕು. ಸೋಮವಾರ ಒಬ್ಬರ ಮನೆ, ಮಂಗಳವಾರ ಇನ್ನೊಬ್ಬರ ಮನೆ ಎಂದು ಏಳು ಮನೆ ಗೊತ್ತುಮಾಡಿಕೊಂಡು ಓದು ಮುಂದುವರಿಸುವ ಈ ಏರ್ಪಾಟು ಹಳೆಯ ಮೈಸೂರು ಸೀಮೆಯಲ್ಲಿ ಎಷ್ಟೋ ಬಡ ಹುಡುಗರ ವಿದ್ಯೆಗೆ ಆಧಾರವಾಗಿತ್ತು. ಒಂದು ಮನೆಯವರು ಊರಿಗೆ ಹೋದರೆ ಆ ದಿನ ಉಪವಾಸ. ಅದಕ್ಕಿಂತ ಮುಖ್ಯವಾಗಿ, ಈ ಅನ್ನ ಎಲ್ಲರಿಗೂ ಸಿಗುತ್ತಿರಲಿಲ್ಲ. ಜಾತಿ ನೋಡಿ ಎಲೆ ಹಾಕುತ್ತಿದ್ದ ಕಾಲದಲ್ಲಿ ವಾರಾನ್ನ ಬಹುಮಟ್ಟಿಗೆ ಬ್ರಾಹ್ಮಣ ಹುಡುಗರ ಪಾಲಿನದು. ಹುಡುಗಿಯರಿಗಂತೂ ಆ ಬಾಗಿಲೇ ಇರಲಿಲ್ಲ. ವಾರಾನ್ನವನ್ನು ನಮ್ಮ ಔದಾರ್ಯದ ಕುರುಹೆಂದು ಹೊಗಳುವವರು ಈ ಭಾಗವನ್ನು ಬಿಟ್ಟು ಹೇಳುತ್ತಾರೆ.

ಆ ಪಂಕ್ತಿಯಿಂದ ಹೊರಗುಳಿದವರ ಪ್ರಯತ್ನದಿಂದಲೇ ಹಲವು ವಿದ್ಯಾರ್ಥಿನಿಲಯಗಳು ಹುಟ್ಟಿದವು. 1906ರಲ್ಲಿ ಸ್ಥಾಪನೆಯಾದ ಒಕ್ಕಲಿಗರ ಸಂಘದಂಥ ಸಮುದಾಯ ಸಂಸ್ಥೆಗಳು ಶಾಲೆಯಷ್ಟೇ ಮುತುವರ್ಜಿಯಿಂದ ಹಾಸ್ಟೆಲ್ ಕಟ್ಟಿದವು. ದಲಿತ ಹುಡುಗರಿಗೆ ಹಾಸ್ಟೆಲ್ ಊಟ ಎಂದರೆ ಏನಾಗಿತ್ತೆಂಬುದನ್ನು ಕವಿ ಸಿದ್ಧಲಿಂಗಯ್ಯನವರ ಆತ್ಮಕಥೆ ‘ಊರುಕೇರಿ’ ಓದಿದವರು ಬಲ್ಲರು. ಮುಖ್ಯಮಂತ್ರಿ ದೇವರಾಜ ಅರಸು ಅವರ ಆಡಳಿತದ 1970ರ ದಶಕದಲ್ಲಿ ಸರ್ಕಾರಿ ಹಾಸ್ಟೆಲುಗಳ ಜಾಲ ಹಿಗ್ಗಿತು. ಹಾಸ್ಟೆಲಿನಲ್ಲಿ ಸೀಟು ಸಿಕ್ಕವರ ಕಷ್ಟ ಸಾರು ತೆಳು, ಮೊಟ್ಟೆ ತಪ್ಪಿತು ಎಂಬ ಬಗೆಯದು. ಸೀಟು ಸಿಗದವರದು ಬೇರೆಯದೇ ಕಷ್ಟ. ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣಗಳ ಕಾಲೇಜುಗಳನ್ನು ನೋಡಿದರೆ ಇಂದಿನ ಅರೆಹೊಟ್ಟೆ ಇರುವುದು ಹಾಸ್ಟೆಲಿನ ಹೊರಗೆ: ರೂಮು ಮಾಡಿಕೊಂಡವರಲ್ಲಿ ಮತ್ತು ದಿನಾ ಹಳ್ಳಿಯಿಂದ ಓಡಾಡುವವರಲ್ಲಿ. ಈ ಲೇಖನದ ವಾದ ಇಷ್ಟೇ.

ಓಡಾಡುವವರ ಊಟವನ್ನು ನಿರ್ಧರಿಸುವುದು ಬಸ್ಸಿನ ವೇಳೆ. ಹೊಳೆನರಸೀಪುರಕ್ಕೆ ಮೈಸೂರು–ಹಾಸನ ರೈಲು ಹಿಂದಿನಿಂದಲೂ ಇದೆ. 2017ರಲ್ಲಿ ಬೆಂಗಳೂರು–ಹಾಸನ ಮಾರ್ಗ ತೆರೆದ ಮೇಲೆ ಚನ್ನರಾಯಪಟ್ಟಣಕ್ಕೂ ರೈಲಿನ ಅನುಕೂಲ ಹೆಚ್ಚಿತು. ಅರಕಲಗೂಡಿಗೆ ರೈಲಿಲ್ಲ, ಅಲ್ಲಿನ ಹಳ್ಳಿಗಳ ಹುಡುಗರು ಹಾಸನಕ್ಕೆ ಬರಬೇಕಾದರೆ ಬಸ್ಸೇ ಗತಿ. ಬೆಳಗಿನ ಮೊದಲ ಬಸ್ಸು ಹಿಡಿಯಬೇಕಾದವರು ತಿಂಡಿ ತಿನ್ನದೆ ಹೊರಡುತ್ತಾರೆ. ಮುದ್ದೆ ಡಬ್ಬಿಗೆ ಹೊಂದುವ ಊಟವಲ್ಲ, ಆರಿದರೆ ಗಟ್ಟಿ. ಹೀಗಾಗಿ ಡಬ್ಬಿಯಲ್ಲಿ ಚಿತ್ರಾನ್ನ. 2023ರ ಜೂನ್ 11ರಿಂದ ಜಾರಿಯಾದ, ಮಹಿಳೆಯರಿಗೆ ಉಚಿತ ಬಸ್ ಪ್ರಯಾಣದ ಶಕ್ತಿ ಯೋಜನೆಯನ್ನು ಸಾರಿಗೆಯ ಲೆಕ್ಕದಲ್ಲೇ ಚರ್ಚಿಸುತ್ತಾರೆ. ರೂಮಿನ ಬಾಡಿಗೆ ಉಳಿಸಿ, ರಾತ್ರಿ ಮನೆಯ ಬಿಸಿ ಊಟಕ್ಕೆ ಹುಡುಗಿಯನ್ನು ತಲುಪಿಸುವ ಯೋಜನೆಯನ್ನು ಆಹಾರದ ಲೆಕ್ಕಕ್ಕೂ ಸೇರಿಸಬೇಕು ಎಂಬುದು ನನ್ನ ಅಭಿಪ್ರಾಯ.

ರೂಮಿನವರ ಅಕ್ಕಿ ಊರಿನಿಂದ ಚೀಲದಲ್ಲಿ ಬರುತ್ತದೆ. 2013ರಲ್ಲಿ ಆರಂಭವಾದ ಅನ್ನಭಾಗ್ಯ ಪಡಿತರ ಯೋಜನೆಯಲ್ಲಿ ಮಗನ ಪಾಲೂ ಮನೆಯ ಚೀಟಿಯಲ್ಲೇ ಸೇರಿರುತ್ತದೆ. ಅದು ಹಾಸನದ ರೂಮು ತಲುಪುವುದು ಅವನು ಹಬ್ಬಕ್ಕೋ ಭಾನುವಾರಕ್ಕೋ ಊರಿಗೆ ಹೋಗಿ ಹೊತ್ತು ತಂದಾಗ. 2023ರ ಜುಲೈಯಿಂದ ಕೆಲಕಾಲ ಐದು ಕೆ.ಜಿ. ಅಕ್ಕಿಯ ಬದಲು ತಲೆಗೆ ₹170 ಕೊಟ್ಟಾಗ ಆ ಹಣ ಬೀಳುತ್ತಿದ್ದುದು ಮನೆಯ ಯಜಮಾನಿಯ ಖಾತೆಗೆ.

ಹೊಟ್ಟೆ ತುಂಬುವುದಕ್ಕೂ ಪೋಷಣೆಗೂ ಇರುವ ಅಂತರ ಅಕ್ಕಿಯನ್ನೇ ನೆಚ್ಚಿದ ಈ ರೂಮಿನ ಊಟದಲ್ಲಿ ಲೆಕ್ಕಕ್ಕೆ ಸಿಗುತ್ತದೆ. ದಿನಕ್ಕೆ 200 ಗ್ರಾಂ ರಾಗಿ, 200 ಗ್ರಾಂ ಅಕ್ಕಿ, 50 ಗ್ರಾಂ ಹುರುಳಿ ತಿಂದರೆ ಸುಮಾರು 1,500 ಕಿಲೊ ಕ್ಯಾಲರಿ, 41 ಗ್ರಾಂ ಪ್ರೋಟೀನ್, 700 ಮಿಲಿಗ್ರಾಂಗೂ ಹೆಚ್ಚು ಕ್ಯಾಲ್ಸಿಯಂ ದೊರೆಯುತ್ತದೆ. ರಾಗಿ, ಹುರುಳಿ ಬಿಟ್ಟು 400 ಗ್ರಾಂ ಅಕ್ಕಿಯನ್ನೇ ಉಂಡರೆ ಕ್ಯಾಲರಿ 1,400ರ ಮೇಲೆಯೇ ಇರುತ್ತದೆ. ಪ್ರೋಟೀನ್ 32 ಗ್ರಾಂಗೆ ಇಳಿಯುತ್ತದೆ, ಕ್ಯಾಲ್ಸಿಯಂ 30 ಮಿಲಿಗ್ರಾಂ ಆಸುಪಾಸಿಗೆ ಕುಸಿಯುತ್ತದೆ. ರಾಷ್ಟ್ರೀಯ ಪೋಷಣಾ ಸಂಸ್ಥೆಯ 2020ರ ಶಿಫಾರಸಿನಂತೆ ವಯಸ್ಕರಿಗೆ ದಿನಕ್ಕೆ 1,000 ಮಿಲಿಗ್ರಾಂ ಕ್ಯಾಲ್ಸಿಯಂ ಬೇಕು. ಪ್ರೋಟೀನು ಹೆಣ್ಣಿಗೆ ಸುಮಾರು 46 ಗ್ರಾಂ, ಗಂಡಿಗೆ 54 ಗ್ರಾಂ. ಕಬ್ಬಿಣದ ವಿಚಾರದಲ್ಲಿ ಮೊದಲ ಊಟವೂ ಸಾಲದು: ಹೆಣ್ಣಿಗೆ ಬೇಕಾದ 29 ಮಿಲಿಗ್ರಾಂನಲ್ಲಿ ಅರ್ಧದಷ್ಟೇ ಸಿಗುತ್ತದೆ, ಸೊಪ್ಪಿನ ಸಾರು ಬೇಕೇ ಬೇಕು. ಕರ್ನಾಟಕದಲ್ಲಿ 15ರಿಂದ 49 ವಯಸ್ಸಿನ ಮಹಿಳೆಯರಲ್ಲಿ ಶೇಕಡಾ 47.8 ಮಂದಿ ರಕ್ತಹೀನರೆಂದು ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಹೇಳಿದೆ.

ರೂಮಿನವರು ರಾಗಿ ಬಿಟ್ಟು ಅಕ್ಕಿಯನ್ನೇ ಉಣ್ಣುವುದು ದುಡ್ಡಿನ ಅಭಾವದಿಂದಷ್ಟೇ ಅಲ್ಲ. 2024–25ರಲ್ಲಿ ರಾಗಿಯ ಬೆಂಬಲ ಬೆಲೆ ಕ್ವಿಂಟಲಿಗೆ ₹4,290 ಇತ್ತು. ಆ ದರದಲ್ಲಿ ತಿಂಗಳಿಗೆ ಬೇಕಾದ 6 ಕೆ.ಜಿ. ರಾಗಿಗೆ ಸುಮಾರು ₹257 ಆಗುತ್ತದೆ. ರಾಗಿ ಬೆಳೆಯುವ ಸೀಮೆಯ ಹುಡುಗ ರಾಗಿ ಬಿಡುವುದು ಬೀಸಿಸುವ, ತೊಳಸುವ, ಕಾಳು ಬೇಯಿಸುವ ಹೊತ್ತಿಲ್ಲದೆ, ಗ್ಯಾಸ್ ಉಳಿಸಬೇಕಾಗಿ. ನಾಲ್ವರಿರುವ ರೂಮಿನಲ್ಲಿ ಕುಕ್ಕರಿಗೆ ಅಕ್ಕಿ ಹಾಕಿದರೆ ಅಡುಗೆ ಮುಗಿಯಿತು.

ಹಾಸ್ಟೆಲ್ ಸಿಗದ ಹಿಂದುಳಿದ ವರ್ಗಗಳ ವಿದ್ಯಾರ್ಥಿಗಳಿಗೆ 2013–14ರಲ್ಲಿ ಬಂದ ವಿದ್ಯಾಸಿರಿ ಯೋಜನೆ ತಿಂಗಳಿಗೆ ₹1,500ರಂತೆ ಹತ್ತು ತಿಂಗಳು ಊಟ, ವಸತಿಗೆ ನೆರವು ನಿಗದಿ ಮಾಡಿತು. ದಿನಕ್ಕೆ ₹50, ಅದರಲ್ಲೇ ಬಾಡಿಗೆ. ಅದನ್ನು ಕಡಿಮೆ ಎನ್ನುವುದು ಸುಲಭ. ನನ್ನ ತಕರಾರು ಮೊತ್ತಕ್ಕಿಂತ ರೂಪದ ಬಗ್ಗೆ. ಹಣ ಬಾಡಿಗೆಗೆ, ಪರೀಕ್ಷಾ ಶುಲ್ಕಕ್ಕೆ, ಮೊಬೈಲ್ ಕರೆನ್ಸಿಗೆ ಹೋಗುತ್ತದೆ, ಹೋಗಲೇಬೇಕಾಗುತ್ತದೆ. ಬೆಂದ ಊಟ ಹಾಗೆ ಹೋಗುವುದಿಲ್ಲ. 2017ರಲ್ಲಿ ₹5ಕ್ಕೆ ತಿಂಡಿ, ₹10ಕ್ಕೆ ಊಟ ಎಂದು ಶುರುವಾದ ಇಂದಿರಾ ಕ್ಯಾಂಟೀನ್ ಈ ತರ್ಕವನ್ನು ಹಿಡಿದಿತ್ತು. ಆದರೆ ಅದು ಪಟ್ಟಣದ ಕೂಲಿಕಾರರನ್ನು ಮನಸ್ಸಿನಲ್ಲಿಟ್ಟು ರೂಪಿಸಿದ್ದು.

ಶಾಲಾ ಮಕ್ಕಳಿಗೆ ಬೆಂದ ಊಟವನ್ನೇ ಕೊಡುವ ಅಕ್ಷರ ದಾಸೋಹದ ಬಿಸಿಯೂಟ ಹತ್ತನೆಯ ತರಗತಿಗೆ ನಿಲ್ಲುತ್ತದೆ. ಸರ್ಕಾರಿ ಪದವಿ ಪೂರ್ವ ಕಾಲೇಜುಗಳು ಹಲವೆಡೆ ಪ್ರೌಢಶಾಲೆಯ ಆವರಣದಲ್ಲೇ ಇವೆ. ಒಂದೇ ಗೇಟಿನೊಳಗೆ ಹತ್ತನೆಯವರಿಗೆ ಊಟ, ಹನ್ನೊಂದನೆಯವರಿಗೆ ಇಲ್ಲ. ಅಲ್ಲಿ ಒಲೆಯಿದೆ, ಪಾತ್ರೆಯಿದೆ, ಅಡುಗೆಯವರಿದ್ದಾರೆ. ಬೆಂಬಲ ಬೆಲೆಗೆ ಕೊಂಡ ರಾಗಿಯೂ ರಾಜ್ಯದ ಕೈಯಲ್ಲಿದೆ. ಹಾಸನ ಜಿಲ್ಲೆಯ ಇಂಥ ಕಾಲೇಜುಗಳಲ್ಲಿ ಪಿಯು ವಿದ್ಯಾರ್ಥಿಗಳನ್ನೂ ಆ ಪಂಕ್ತಿಗೆ ಸೇರಿಸಿ, ವಾರದಲ್ಲಿ ಮೂರು ದಿನವಾದರೂ ಮುದ್ದೆ, ಕಾಳು-ಸೊಪ್ಪಿನ ಸಾರು ಬಡಿಸುವ ಕೆಲಸವನ್ನು ಸರ್ಕಾರ ಮೊದಲು ಮಾಡಲಿ. ಪದವಿ ಕಾಲೇಜುಗಳ ಮಾತು ಆಮೇಲೆ.