ಉಪವಾಸದ ವೈದ್ಯನ ಹತ್ತಿರ ಮಗನನ್ನು ಕರೆದುಕೊಂಡು ಹೋದ ವಕೀಲ

ಫಿಟ್ಸ್ ಬಂದ ಮಗುವಿನ ಕೈಗೆ ಬೀಗದ ಕೈ ಹಿಡಿಸುವುದು, ಮೂಗಿನ ಹತ್ತಿರ ಈರುಳ್ಳಿ ಹಿಡಿಯುವುದು ನಮ್ಮ ಊರುಗಳಲ್ಲಿ ಇನ್ನೂ ನಿಂತಿಲ್ಲ. ಎರಡು ವರ್ಷ ಮಾತ್ರೆ ಕೊಟ್ಟರೂ ಫಿಟ್ಸ್ ನಿಲ್ಲದಿದ್ದರೆ ಅಪ್ಪ ಅಮ್ಮ ಬೇರೆ ದಾರಿ ಹುಡುಕುತ್ತಾರೆ. ತಾಯಿತ, ನಾಟಿ ಔಷಧಿ, ಪಥ್ಯ, ಯಾರೋ ಹೇಳಿದ ಆಶ್ರಮ. ಓದು ಇಲ್ಲದವರು ಹೀಗೆ ಮಾಡುತ್ತಾರೆ ಅಂತ ಪೇಟೆಯವರು ಹೇಳುವುದುಂಟು. ಆದರೆ ನೂರು ವರ್ಷದ ಹಿಂದೆ ಅಮೆರಿಕದ ನ್ಯೂಯಾರ್ಕ್‌ನಲ್ಲಿ ಚಾರ್ಲ್ಸ್ ಹೌಲ್ಯಾಂಡ್ ಎಂಬ ಶ್ರೀಮಂತ ವಕೀಲರೂ ಇದನ್ನೇ ಮಾಡಿದ್ದರು. ಅವರ ಸ್ವಂತ ಅಣ್ಣತಮ್ಮಂದಿರಲ್ಲೇ ಒಬ್ಬರು, ಜಾನ್ ಹೌಲ್ಯಾಂಡ್, ಬಾಲ್ಟಿಮೋರ್‌ನ ಹೆಸರಾಂತ ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆಯಲ್ಲಿ ಮಕ್ಕಳ ವಿಭಾಗದ ಪ್ರೊಫೆಸರ್.

ಚಾರ್ಲ್ಸ್ ಅವರ ಮಗನಿಗೆ ಮೂರ್ಛೆ ರೋಗ. ಆಗ ಡಾಕ್ಟರುಗಳ ಕೈಯಲ್ಲಿ ಇದ್ದದ್ದು ಮುಖ್ಯವಾಗಿ ಎರಡೇ ಔಷಧಿ. ಒಂದು 1857ರಿಂದ ಬಳಕೆಯಲ್ಲಿದ್ದ ಬ್ರೋಮೈಡ್. ಇನ್ನೊಂದು 1912ರಲ್ಲಿ ಬಂದ ಫೀನೋಬಾರ್ಬಿಟೋನ್. ಎರಡೂ ಮಂಪರು ತರುವಂಥವು. ಇವುಗಳಿಂದ ಆಗದಿದ್ದಾಗ ಚಾರ್ಲ್ಸ್ ಮಗನನ್ನು ಮಿಷಿಗನ್ ರಾಜ್ಯದ ಬ್ಯಾಟಲ್ ಕ್ರೀಕ್ ಎಂಬ ಊರಿನ ಹ್ಯೂ ಕಾಂಕ್ಲಿನ್ ಅವರಲ್ಲಿಗೆ ಕಳಿಸಿದರು. (ಕಾರ್ನ್‌ಫ್ಲೇಕ್ಸ್ ಹುಟ್ಟಿದ್ದು ಇದೇ ಊರಲ್ಲಿ. ಆರೋಗ್ಯದ ಹೆಸರಲ್ಲಿ ಆ ಕಾಲಕ್ಕೆ ಅಲ್ಲಿ ನಡೆಯದ ಪ್ರಯೋಗವಿಲ್ಲ.)

ಕಾಂಕ್ಲಿನ್ ಎಂ.ಡಿ. ಡಾಕ್ಟರ್ ಅಲ್ಲ, ಆಸ್ಟಿಯೋಪಥಿಯವರು. ಮೂಳೆ, ಸ್ನಾಯು ಉಜ್ಜಿ ತಿದ್ದಿ ಗುಣಪಡಿಸುವ ಪದ್ಧತಿ ಅದು. ಬರ್ನಾರ್ ಮ್ಯಾಕ್‌ಫಾಡೆನ್ ಎಂಬ ಕಸರತ್ತಿನ ಪ್ರಚಾರಕ ಪತ್ರಿಕೆ ನಡೆಸಿ, ಉಪವಾಸದಿಂದ ಸಕಲ ರೋಗವೂ ಹೋಗುತ್ತದೆ ಅಂತ ಹೇಳುತ್ತಿದ್ದರು. ಕಾಂಕ್ಲಿನ್ ಅವರ ಶಿಷ್ಯ. ಮೂರ್ಛೆ ರೋಗ ಕರುಳಿನಲ್ಲಿ ಹುಟ್ಟುವ ವಿಷದಿಂದ ಬರುತ್ತದೆ, ಕರುಳಿಗೆ ವಿಶ್ರಾಂತಿ ಕೊಟ್ಟರೆ ವಿಷ ನಿಲ್ಲುತ್ತದೆ ಎನ್ನುವುದು ಅವರ ವಾದ. ಅದಕ್ಕೆ ಮಕ್ಕಳನ್ನು ಬರೀ ನೀರಿನ ಮೇಲೆ 18ರಿಂದ 25 ದಿನ ಇಡುತ್ತಿದ್ದರು. ಓದುವಾಗಲೇ ಹೊಟ್ಟೆ ಚುರ್ ಅನ್ನುತ್ತದೆ.

ವಾದ ಪೂರ್ತಿ ತಪ್ಪು. ಕರುಳಿನ ವಿಷ ಯಾರಿಗೂ ಸಿಗಲಿಲ್ಲ. ಆದರೆ ಉಪವಾಸದಲ್ಲಿ ಹುಡುಗನ ಫಿಟ್ಸ್ ಹತೋಟಿಗೆ ಬಂತು.

ನನಗೆ ಈ ಕಥೆಯಲ್ಲಿ ಮುಖ್ಯ ಅನ್ನಿಸುವುದು ಇದರ ಮುಂದಿನ ಭಾಗ. ಚಾರ್ಲ್ಸ್ ಊರೆಲ್ಲಾ ಕಾಂಕ್ಲಿನ್ ಹೆಸರು ಹೇಳಿಕೊಂಡು ತಿರುಗಬಹುದಿತ್ತು. ಅದರ ಬದಲು 1919ರಲ್ಲಿ 5000 ಡಾಲರ್ ತೆಗೆದು ಪ್ರೊಫೆಸರ್ ಜಾನ್ ಕೈಗೆ ಕೊಟ್ಟರು. ಉಪವಾಸ ಇದ್ದಾಗ ದೇಹದೊಳಗೆ ಏನು ಆಗುತ್ತದೆ, ಪರೀಕ್ಷೆ ಮಾಡಿ ನೋಡಿ ಅಂದರು. ಜಾನ್ ಹೌಲ್ಯಾಂಡ್ ಈ ಕೆಲಸವನ್ನು ಜೇಮ್ಸ್ ಗ್ಯಾಂಬಲ್ ಎಂಬ ಡಾಕ್ಟರಿಗೆ ವಹಿಸಿದರು. ಉಪವಾಸದಲ್ಲಿದ್ದ ಮೂರ್ಛೆ ರೋಗದ ಮಕ್ಕಳ ದೇಹದಿಂದ ಎಷ್ಟು ನೀರು, ಎಷ್ಟು ಉಪ್ಪಿನಂಶ ಹೋಗುತ್ತದೆ ಅಂತ ಗ್ಯಾಂಬಲ್ ಮತ್ತು ಜೊತೆಗಾರರು ಅಳೆದರು. 1923ರಲ್ಲಿ ವರದಿ ಬಂತು. ದೇಹದ ನೀರು ಮತ್ತು ಲವಣದ ಲೆಕ್ಕವನ್ನು ಮುಂದಿನ ಪೀಳಿಗೆಯ ಡಾಕ್ಟರುಗಳಿಗೆ ಕಲಿಸಿದವರು ಇದೇ ಗ್ಯಾಂಬಲ್. ಮೂರ್ಛೆಗೆ ಅಂತ ಕೊಟ್ಟ ದುಡ್ಡು, ಕೆಲಸಕ್ಕೆ ಬಂದದ್ದು ಬೇರೆ ಕಡೆಗೂ.

ಅಷ್ಟರಲ್ಲಿ, 1921ರಲ್ಲಿ, ನ್ಯೂಯಾರ್ಕ್‌ನ ಡಾಕ್ಟರ್ ಗೇಲಿನ್ ಉಪವಾಸದ ಫಲಿತಾಂಶವನ್ನು ವೈದ್ಯರ ಸಮ್ಮೇಳನದ ಮುಂದಿಟ್ಟರು. ತೊಡಕು ಒಂದೇ. ಊಟ ಶುರುಮಾಡಿದ ಮೇಲೆ ಹಲವರಿಗೆ ಫಿಟ್ಸ್ ಮರಳುತ್ತಿತ್ತು. ಮಗುವನ್ನು ಎಷ್ಟು ದಿನ ಅಂತ ಹಸಿದಿಡುವುದು?

ಅದೇ ವರ್ಷ ಮೇಯೋ ಕ್ಲಿನಿಕ್‌ನ ರಸೆಲ್ ವೈಲ್ಡರ್ ಒಂದು ಉಪಾಯ ಹೇಳಿದರು. ಅನ್ನ, ರೊಟ್ಟಿ, ಸಕ್ಕರೆ ಸಿಗದಿದ್ದಾಗ ದೇಹ ಕೊಬ್ಬನ್ನು ಕರಗಿಸುತ್ತದೆ, ಆಗ ಕೀಟೋನ್ ಎಂಬ ವಸ್ತು ಹುಟ್ಟುತ್ತದೆ, ಮಿದುಳು ಅದನ್ನೇ ಉರುವಲು ಮಾಡಿಕೊಳ್ಳುತ್ತದೆ. ಹಾಗಾದರೆ ಊಟದಲ್ಲೇ ಹಿಟ್ಟಿನಂಶ ಕಡಿಮೆ ಮಾಡಿ ಕೊಬ್ಬು ಜಾಸ್ತಿ ಕೊಟ್ಟರೆ, ಹಸಿಯದೆಯೇ ಉಪವಾಸದ ಸ್ಥಿತಿ ಬರಬೇಕಲ್ಲ? ಇದಕ್ಕೆ ಕೀಟೋಜೆನಿಕ್ ಆಹಾರ ಅಂತ ಹೆಸರಿಟ್ಟರು. ಸ್ವಲ್ಪ ಕಾಲದಲ್ಲೇ ಅಳತೆಯೂ ನಿಗದಿಯಾಯಿತು. ಮಗುವಿನ ಒಂದು ಕೆ.ಜಿ. ತೂಕಕ್ಕೆ 1 ಗ್ರಾಂ ಪ್ರೋಟೀನ್, ದಿನಕ್ಕೆ 10ರಿಂದ 15 ಗ್ರಾಂ ಹಿಟ್ಟಿನಂಶ, ಉಳಿದದ್ದೆಲ್ಲ ಬೆಣ್ಣೆ, ಕೆನೆಯಂಥ ಕೊಬ್ಬು. ನಮ್ಮ ಲೆಕ್ಕಕ್ಕೆ ಹೇಳುವುದಾದರೆ ಸುಮಾರು 20 ಗ್ರಾಂ ರಾಗಿ ಹಿಟ್ಟು ತಿಂದರೆ ಆ ದಿನದ ಪಾಲು ಮುಗಿಯಿತು. ಮುದ್ದೆ ಬಿಡಿ, ಮುದ್ದೆಯ ಒಂದೆರಡು ತುತ್ತು.

ಇಷ್ಟು ಕಷ್ಟದ ಪಥ್ಯ ಉಳಿಯುವುದು ಹೇಗೆ? 1938ರಲ್ಲಿ ಮೆರಿಟ್ ಮತ್ತು ಪುಟ್ನಮ್ ಎಂಬ ಡಾಕ್ಟರುಗಳು ಫೆನಿಟಾಯಿನ್ ಫಿಟ್ಸ್ ತಡೆಯುತ್ತದೆ ಅಂತ ತೋರಿಸಿದರು. ನಮ್ಮ ಮೆಡಿಕಲ್ ಸ್ಟೋರ್‌ಗಳಲ್ಲಿ ಎಪ್ಟಾಯಿನ್ ಅಂತ ಸಿಗುವುದು ಅದೇ. ಮಾತ್ರೆ ನುಂಗುವುದು ಸುಲಭ, ಬೆಣ್ಣೆ ತೂಗುವುದು ಕಷ್ಟ. ಆಹಾರದ ಚಿಕಿತ್ಸೆ ಬೆರಳೆಣಿಕೆಯ ಆಸ್ಪತ್ರೆಗಳಿಗೆ ಸರಿದು, ಹೊಸ ಡಾಕ್ಟರುಗಳಿಗೆ ಬಹುಪಾಲು ಮರೆತೇಹೋಯಿತು.

ಮರೆತದ್ದನ್ನು ನೆನಪಿಸಿದವರೂ ಒಬ್ಬ ಅಪ್ಪ. ಹಾಲಿವುಡ್‌ನ ನಗೆ ಸಿನಿಮಾಗಳ ನಿರ್ದೇಶಕ ಜಿಮ್ ಅಬ್ರಹಾಮ್ಸ್ ಅವರ ಒಂದು ವರ್ಷದ ಮಗ ಚಾರ್ಲಿಗೆ 1993ರಲ್ಲಿ ಫಿಟ್ಸ್ ಶುರುವಾಯಿತು. ಸಾವಿರಾರು ಸಲ ಬಂತು. ಐವರು ಮಕ್ಕಳ ನರರೋಗ ತಜ್ಞರು, ಒಂದು ಮಿದುಳಿನ ಆಪರೇಷನ್, ಇಬ್ಬರು ಹೋಮಿಯೋಪಥಿ ವೈದ್ಯರು, ಪ್ರಾರ್ಥನೆಯಿಂದ ಗುಣಪಡಿಸುವವರೊಬ್ಬರು. ಎಲ್ಲ ಮುಗಿದ ಮೇಲೆ ಅಬ್ರಹಾಮ್ಸ್ ಲೈಬ್ರರಿಯಲ್ಲಿ ಕೂತು ತಾವೇ ಓದತೊಡಗಿದರು. ಅಲ್ಲಿ ಈ ಆಹಾರದ ವಿಷಯ ಸಿಕ್ಕಿತು. ಮಗನನ್ನು ಅದೇ ಜಾನ್ಸ್ ಹಾಪ್ಕಿನ್ಸ್‌ಗೆ, ಡಾಕ್ಟರ್ ಜಾನ್ ಫ್ರೀಮನ್ ಮತ್ತು ಆಹಾರ ತಜ್ಞೆ ಮಿಲಿಸೆಂಟ್ ಕೆಲ್ಲಿ ಹತ್ತಿರ ಕರೆದೊಯ್ದರು. ಕೆಲವೇ ದಿನಗಳಲ್ಲಿ ಫಿಟ್ಸ್ ನಿಂತಿತು. ಐದು ವರ್ಷ ಆಹಾರ ಪಾಲಿಸಿದ ಮೇಲೆ ಬಿಟ್ಟರೂ ಮರಳಲಿಲ್ಲ. ಇದು ಮೊದಲೇ ಯಾಕೆ ಯಾರೂ ಹೇಳಲಿಲ್ಲ ಎನ್ನುವ ಸಿಟ್ಟಿನಲ್ಲಿ ಅವರು 1994ರಲ್ಲಿ ಚಾರ್ಲಿ ಫೌಂಡೇಶನ್ ಕಟ್ಟಿದರು. ಆ ಸಿಟ್ಟು ನ್ಯಾಯವಾದದ್ದೇ.

ಆದರೆ ಒಬ್ಬ ಚಾರ್ಲಿಗೆ ಆದದ್ದು ಎಲ್ಲರಿಗೂ ಆಗುತ್ತದೆಯೇ? ಇದಕ್ಕೆ ಸರಿಯಾದ ಪರೀಕ್ಷೆ ಬಂದದ್ದು 2008ರಲ್ಲಿ, ಲಂಡನ್‌ನಲ್ಲಿ. ಮಾತ್ರೆಗೆ ಬಗ್ಗದ 145 ಮಕ್ಕಳನ್ನು ಚೀಟಿ ಎತ್ತಿದ ಹಾಗೆ ಎರಡು ಗುಂಪು ಮಾಡಿದರು. ಮೂರು ತಿಂಗಳಲ್ಲಿ ಆಹಾರದ ಗುಂಪಿನ 38% ಮಕ್ಕಳಿಗೆ ಫಿಟ್ಸ್ ಅರ್ಧಕ್ಕಿಂತ ಹೆಚ್ಚು ಕಡಿಮೆಯಾಯಿತು. ಇನ್ನೊಂದು ಗುಂಪಿನಲ್ಲಿ 6%. ದೆಹಲಿಯ ಏಮ್ಸ್ ಡಾಕ್ಟರುಗಳು ಇದರ ಸಡಿಲ ರೂಪವನ್ನು 102 ಮಕ್ಕಳಲ್ಲಿ ಪರೀಕ್ಷಿಸಿ 2013ರಲ್ಲಿ ಪ್ರಕಟಿಸಿದರು. ಅಲ್ಲಿ 52%, ಇತ್ತ 11.5%. ದೊಡ್ಡ ಸಹಾಯ, ನಿಜ. ಆದರೆ ಲಂಡನ್‌ನಲ್ಲಿ ಅರ್ಧಕ್ಕಿಂತ ಹೆಚ್ಚು ಮಕ್ಕಳಿಗೆ ಅಷ್ಟು ಫಲ ಸಿಗಲಿಲ್ಲ ಎನ್ನುವುದೂ ಅದೇ ಅಂಕಿಯಲ್ಲಿದೆ. ಮಲಬದ್ಧತೆ, ಕಿಡ್ನಿ ಕಲ್ಲು, ಬೆಳವಣಿಗೆ ಕುಂಠಿತ ಆಗುವುದು ಇದರ ತೊಂದರೆಗಳು. ಕೊಬ್ಬನ್ನು ಕರಗಿಸಿಕೊಳ್ಳಲಾಗದ ಹುಟ್ಟು ಕಾಯಿಲೆ ಇರುವ ಮಕ್ಕಳಿಗೆ ಇದು ಪ್ರಾಣಕ್ಕೇ ಅಪಾಯ. ಅದಕ್ಕೇ ಮೊದಲು ರಕ್ತ, ಮೂತ್ರ ಪರೀಕ್ಷೆ ಮಾಡುತ್ತಾರೆ. ಯೂಟ್ಯೂಬ್ ನೋಡಿ ಮನೆಯಲ್ಲಿ ಶುರುಮಾಡುವ ಪಥ್ಯ ಇದಲ್ಲ.

ಇನ್ನೊಂದು ಮಾತು, ಇದು ನಮ್ಮ ನೆಲದ್ದು. ಡಾ. ಕೆ.ಎಸ್. ಮಣಿ ಅವರ ತಂಡ ಯಳಂದೂರು ಭಾಗದಲ್ಲಿ ಮನೆಮನೆ ತಿರುಗಿ ಮೂರ್ಛೆ ರೋಗಿಗಳನ್ನು ಹುಡುಕಿ, ಫೀನೋಬಾರ್ಬಿಟೋನ್, ಫೆನಿಟಾಯಿನ್ ಎಂಬ ಅಗ್ಗದ ಮಾತ್ರೆ ಕೊಟ್ಟು ವರ್ಷಗಟ್ಟಲೆ ಗಮನಿಸಿತು. 2001ರಲ್ಲಿ ವರದಿ ಬಂತು. ಬಹಳ ಜನರಿಗೆ ಅಷ್ಟರಲ್ಲೇ ಹತೋಟಿ ಸಿಕ್ಕಿತ್ತು. ಸಿಗದವರಲ್ಲಿ ಹೆಚ್ಚಿನವರು ಯಾರು ಗೊತ್ತೇ? ಮಾತ್ರೆ ನಡುನಡುವೆ ಬಿಟ್ಟವರು ಮತ್ತು ಚಿಕಿತ್ಸೆಗೆ ಮುಂಚೆಯೇ 30ಕ್ಕಿಂತ ಹೆಚ್ಚು ಸಲ ದೊಡ್ಡ ಫಿಟ್ಸ್ ಆಗಿಹೋದವರು. ಆಹಾರ ಚಿಕಿತ್ಸೆ ನಡೆಯುವಾಗಲೂ ಮಾತ್ರೆಯನ್ನು ಡಾಕ್ಟರು ಹಂತಹಂತವಾಗಿ ಇಳಿಸುತ್ತಾರೆ. ದಿಢೀರ್ ನಿಲ್ಲಿಸಿದರೆ ಫಿಟ್ಸ್ ಒಂದರ ಹಿಂದೆ ಒಂದು ಬಂದು ಮಗು ಉಳಿಯದೇ ಹೋಗಬಹುದು.

ಎರಡು ಮಾತ್ರೆ ಸರಿಯಾಗಿ ಕೊಟ್ಟೂ ನಿಲ್ಲದಿದ್ದರೆ ಬೆಂಗಳೂರಿನ ನಿಮ್ಹಾನ್ಸ್‌ನಂಥ ಕಡೆ ಆಹಾರ ಚಿಕಿತ್ಸೆ ನಮ್ಮ ಮಗುವಿಗೆ ಆಗುತ್ತದೆಯೇ ಅಂತ ನೇರವಾಗಿ ಕೇಳಬಹುದು. ಹೋಗುವಾಗ ಫಿಟ್ಸ್ ಬಂದ ತಾರೀಖು, ಎಷ್ಟು ಹೊತ್ತು ಇತ್ತು ಎನ್ನುವುದನ್ನು ಕ್ಯಾಲೆಂಡರ್‌ನಲ್ಲಿ ಬರೆದುಕೊಂಡಿರಿ, ಫೋನಿನಲ್ಲಿ ಒಂದು ವಿಡಿಯೊ ಇರಲಿ. ಡಾಕ್ಟರು ಮೊದಲು ಕೇಳುವುದೇ ಅದನ್ನು.