ಟು ಸ್ಟ್ರೋಕ್ ಸತ್ತಿಲ್ಲ, ಬೆಟ್ಟ ಹತ್ತಿದೆ

ಮೈಸೂರಿನ ಚಿಕ್ಕಪ್ಪನ ಮನೆಗೆ ಹೋದಾಗಲೆಲ್ಲ ನನಗೊಂದು ಕೆಲಸ ತಪ್ಪಿದ್ದಲ್ಲ. ಶೆಡ್ಡಿನಲ್ಲಿರುವ ಅವರ ಹಳೇ ಯೆಜ್ಡಿಗೆ ಕಿಕ್ ಹೊಡೆಯುವುದು. ಏಳೆಂಟು ಕಿಕ್ಕಿಗೆ ಅದು ಕೆಮ್ಮಿ, ನೀಲಿ ಹೊಗೆ ಉಗುಳಿ ಶುರುವಾಗುತ್ತದೆ. ಪಕ್ಕದ ಮನೆಯವರು ಕಿಟಕಿ ಮುಚ್ಚಿಕೊಳ್ಳುತ್ತಾರೆ :-)

ಕಳೆದ ಸಲ ಹೋದಾಗ ಮೆಕ್ಯಾನಿಕಲ್ ಓದಿದ ಜಂಭದಲ್ಲಿ (ಈಗ ಮಾಡುವುದು ಸಾಫ್ಟ್‌ವೇರ್ ಕೆಲಸವಾದರೂ) "ಚಿಕ್ಕಪ್ಪಾ, ಟು ಸ್ಟ್ರೋಕ್ ಕಾಲ ಮುಗೀತು, ಈಗ ಯಾರೂ ಇದನ್ನ ಮಾಡಲ್ಲ" ಅಂದೆ. "ಯಾರೂ ಮಾಡಲ್ವಾ? ಸರಿಯಾಗಿ ತಿಳ್ಕೊಂಡು ಮಾತಾಡೋ" ಅಂದರು. ತಿಳಿದುಕೊಂಡೆ. ನಾನು ಹೇಳಿದ್ದು ಪೂರ್ತಿ ತಪ್ಪು. ಟು ಸ್ಟ್ರೋಕ್ ಇವತ್ತಿಗೂ ಹೊಸದಾಗಿ ತಯಾರಾಗುತ್ತಿದೆ, ಅದೂ ಕಂಪ್ಯೂಟರ್ ಸಮೇತ. ಆದರೆ ಊರಿನ ರಸ್ತೆಗಲ್ಲ, ಎಂಡ್ಯೂರೋ ಬೈಕುಗಳಿಗೆ.

ಎಂಡ್ಯೂರೋ ಅಂದರೆ ಬರೀ ವೇಗದ ರೇಸ್ ಅಲ್ಲ. ಕಾಡು, ಕೆಸರು, ಹಳ್ಳ, ಬಂಡೆ ದಾಟಿಕೊಂಡು ಗೊತ್ತಾದ ಸಮಯಕ್ಕೆ ಗೊತ್ತಾದ ಜಾಗ ತಲುಪಬೇಕು. ಗಾಡಿ ಕೆಟ್ಟರೆ ಸವಾರನೇ ರಿಪೇರಿ ಮಾಡಿಕೊಳ್ಳಬೇಕು. ಇದರ ಹಿರಿಯಣ್ಣ 1913ರಲ್ಲಿ ಇಂಗ್ಲೆಂಡಿನಲ್ಲಿ ಶುರುವಾದ ಆರು ದಿನಗಳ ಅಂತರರಾಷ್ಟ್ರೀಯ ಸ್ಪರ್ಧೆ. 1981ರಿಂದ ಅದರ ಹೆಸರಿನಲ್ಲೇ 'ಎಂಡ್ಯೂರೋ' ಸೇರಿಕೊಂಡಿತು.

ಈಗ ಸ್ವಲ್ಪ ಎಂಜಿನಿಯರಿಂಗ್, ಹೆದರಬೇಡಿ. ಫೋರ್ ಸ್ಟ್ರೋಕ್ ಎಂಜಿನ್ನಿನಲ್ಲಿ ಪಿಸ್ಟನ್ ಎರಡು ಸಲ ಮೇಲೆ ಕೆಳಗೆ ಹೋಗಿ ಬಂದರೆ ಒಮ್ಮೆ ಸಿಡಿತ. ಟು ಸ್ಟ್ರೋಕಿನಲ್ಲಿ ಪ್ರತಿ ಸುತ್ತಿಗೂ ಸಿಡಿತ. ವಾಲ್ವ್, ಕ್ಯಾಮ್ ಯಾವುದೂ ಬೇಡ, ಸಿಲಿಂಡರಿನ ಗೋಡೆಯಲ್ಲಿ ಕಿಂಡಿಗಳಿದ್ದರೆ ಸಾಕು. ಹಗುರ, ಸರಳ, ಬಲಶಾಲಿ. ಆದರೆ ಒಂದು ದೊಡ್ಡ ದೋಷವಿದೆ. ಸುಟ್ಟ ಹೊಗೆ ಹೊರಹೋಗುವ ಕಿಂಡಿ ತೆರೆದಿರುವಾಗಲೇ ಹೊಸ ಪೆಟ್ರೋಲು-ಗಾಳಿ ಒಳಗೆ ಬರುತ್ತದೆ. ಅದರಲ್ಲಿ ಒಂದಷ್ಟು ಸುಡದೆ ಸೀದಾ ಸೈಲೆನ್ಸರ್ ಕಡೆಗೆ ಓಡಿಬಿಡುತ್ತದೆ. ಟು ಸ್ಟ್ರೋಕಿನ ಇತಿಹಾಸದ ಬಹುಪಾಲು ಈ ಓಡಿಹೋಗುವ ಪೆಟ್ರೋಲನ್ನು ಹಿಡಿಯುವ ಕಥೆಯೇ.

ಮೊದಲು ಅದನ್ನು ಚೆನ್ನಾಗಿ ಹಿಡಿದವನು ಪೂರ್ವ ಜರ್ಮನಿಯ ವಾಲ್ಟರ್ ಕಾಡೆನ್. ಚೋಪಾವ್ ಎಂಬ ಊರಿನ ಎಂಝಡ್ ಕಾರ್ಖಾನೆಯ ರೇಸಿಂಗ್ ವಿಭಾಗ ಅವನ ಕೈಯಲ್ಲಿತ್ತು. ದುಡ್ಡಿಲ್ಲ, ಒಳ್ಳೆಯ ಲೋಹ ಸಿಗುವುದಿಲ್ಲ. ಅವನು ಹಿಡಿದದ್ದು ಒತ್ತಡದ ಅಲೆಯನ್ನು! ಎಕ್ಸಾಸ್ಟ್ ಕೊಳವೆಯನ್ನು ಮೊದಲು ಅಗಲವಾಗುತ್ತ, ಆಮೇಲೆ ಕಿರಿದಾಗುತ್ತ ಹೋಗುವಂತೆ ಮಾಡಿದರೆ, ಹೊಗೆಯ ಜೊತೆ ಹೊರಟ ಒತ್ತಡದ ಅಲೆ ಕಿರಿದಾದ ಕಡೆ ಬಡಿದು ವಾಪಸ್ ಬರುತ್ತದೆ. ಓಡಿಹೋಗುತ್ತಿದ್ದ ಪೆಟ್ರೋಲನ್ನು ಅದೇ ಸಿಲಿಂಡರಿಗೆ ಮರಳಿ ತಳ್ಳುತ್ತದೆ. ಈ ಕಲ್ಪನೆ ಪೂರ್ತಿ ಅವನದೇ ಅಲ್ಲ, ಆದರೆ ಅದನ್ನು ಪಳಗಿಸಿದವನು ಅವನು. 1961ರ ಹೊತ್ತಿಗೆ ಅವನ 125 ಸಿಸಿ ಎಂಜಿನ್ 25 ಅಶ್ವಶಕ್ತಿ ಕೊಡುತ್ತಿತ್ತು. ಅಂದರೆ ಲೀಟರಿಗೆ 200! ಸೂಪರ್‌ಚಾರ್ಜರ್ ಇಲ್ಲದ ಯಾವ ಎಂಜಿನ್ನೂ ಅದುವರೆಗೆ ಅಲ್ಲಿಗೆ ತಲುಪಿರಲಿಲ್ಲ.

ಮುಂದೆ ನಡೆದದ್ದು ಸಿನಿಮಾದಂತಿದೆ. 1961ರ ಆಗಸ್ಟಿನಲ್ಲಿ ಬರ್ಲಿನ್ ಗೋಡೆ ಎದ್ದಿತು. ಸೆಪ್ಟೆಂಬರಿನಲ್ಲಿ ಎಂಝಡ್‌ನ ಮುಖ್ಯ ಸವಾರ ಅರ್ನ್ಸ್ಟ್ ಡೆಗ್ನರ್ ಸ್ವೀಡನ್ನಿನ ರೇಸ್ ಮುಗಿಸಿ ಊರಿಗೆ ವಾಪಸಾಗಲೇ ಇಲ್ಲ. ಅವನ ಹೆಂಡತಿ ಮಕ್ಕಳನ್ನು ಕಾರಿನಲ್ಲಿ ಬಚ್ಚಿಟ್ಟು ಗಡಿ ದಾಟಿಸಲಾಯಿತು. ಅವನು ಸೇರಿದ್ದು ಜಪಾನಿನ ಸುಜುಕಿಯನ್ನು, ಕಾಡೆನ್‌ನ ವಿದ್ಯೆಯ ಸಮೇತ. 1962ರಲ್ಲಿ ಸುಜುಕಿಗೆ 50 ಸಿಸಿ ವಿಭಾಗದ ವಿಶ್ವ ಚಾಂಪಿಯನ್‌ಶಿಪ್ ತಂದುಕೊಟ್ಟ. ಡೆಗ್ನರ್ ಮೋಸಗಾರನೋ, ಗೋಡೆಯೊಳಗಿಂದ ಹೆಂಡತಿ ಮಕ್ಕಳನ್ನು ಕಾಪಾಡಿಕೊಂಡ ಗೃಹಸ್ಥನೋ? ನನಗೆ ಎರಡೂ ಅನ್ನಿಸುತ್ತದೆ. ಕಾಡೆನ್ ಮಾತ್ರ ಚೋಪಾವ್ ಬಿಟ್ಟು ಹೋಗಲಿಲ್ಲ.

ಆದರೂ ಕೆಸರಿನಲ್ಲಿ ಎಂಝಡ್ ರಾಜನೇ. ಆರು ದಿನಗಳ ಸ್ಪರ್ಧೆಯಲ್ಲಿ 1963ರಿಂದ 1967ರವರೆಗೆ ಸತತ ಐದು ವರ್ಷ ಪೂರ್ವ ಜರ್ಮನಿ ಟ್ರೋಫಿ ಗೆದ್ದಿತು. 1964ರಲ್ಲಿ ಅವರದೇ ನೆಲದಲ್ಲಿ ನಡೆದಾಗ ಹಾಲಿವುಡ್ ನಟ ಸ್ಟೀವ್ ಮೆಕ್ವೀನ್ ಭಾರದ ಟ್ರಯಂಫ್ ಏರಿ ಅಮೆರಿಕದ ಪರ ಬಂದಿದ್ದ. ಬಿದ್ದು, ಸ್ಪರ್ಧೆಯಿಂದ ಹೊರಬಿದ್ದ. 1970ರಿಂದ 1974ರವರೆಗೆ ಮತ್ತೆ ಸತತ ಐದು ಟ್ರೋಫಿ, ಈ ಸಲ ಜೆಕೊಸ್ಲೊವಾಕಿಯಾಕ್ಕೆ, ಜಾವಾ ಗಾಡಿಗಳ ಮೇಲೆ. ಹೌದು, ಅದೇ ಜಾವಾ! ಅವರ ರಸ್ತೆ ಬೈಕುಗಳನ್ನೇ 1960ರ ದಶಕದ ಆರಂಭದಿಂದ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ ತಯಾರಿಸುತ್ತಿತ್ತು, ಆಮೇಲೆ ಅದಕ್ಕೆ ಯೆಜ್ಡಿ ಎಂಬ ಹೆಸರು ಬಂತು. ಚಿಕ್ಕಪ್ಪನ ಶೆಡ್ಡಿನಲ್ಲಿರುವುದು ಆ ಮನೆತನದ್ದೇ ಗಾಡಿ.

ಅಲೆಯ ಉಪಾಯಕ್ಕೆ ಒಂದು ಮಿತಿ ಇತ್ತು. ಎಂಜಿನ್ ಒಂದು ನಿರ್ದಿಷ್ಟ ವೇಗದಲ್ಲಿ ತಿರುಗುವಾಗ ಮಾತ್ರ ಅಲೆ ಸರಿಯಾದ ಹೊತ್ತಿಗೆ ವಾಪಸ್ ಬರುತ್ತದೆ. ಅದಕ್ಕಿಂತ ಕಡಿಮೆಯಾದರೆ ಗಾಡಿ ಸಪ್ಪೆ, ಆ ವೇಗ ಮುಟ್ಟಿದ ಕೂಡಲೇ ಗೂಳಿ. ಒದ್ದೆ ಬಂಡೆಯ ಮೇಲೆ ಹೀಗೆ ನುಗ್ಗಿದರೆ ಸವಾರನ ಗತಿ? ಇದಕ್ಕೆ ಯಮಾಹಾ 1970ರ ದಶಕದ ಕೊನೆಯಲ್ಲಿ ತನ್ನ ರೇಸ್ ಬೈಕುಗಳಲ್ಲಿ ಪವರ್ ವಾಲ್ವ್ ತಂದಿತು. ಎಕ್ಸಾಸ್ಟ್ ಕಿಂಡಿಯ ಎತ್ತರವನ್ನು ಎಂಜಿನ್ನಿನ ವೇಗಕ್ಕೆ ತಕ್ಕಂತೆ ಏರಿಸಿ ಇಳಿಸುವ ಕದ ಅದು. ಎಂಡ್ಯೂರೋಗೆ ಬೇಕಾದ ನಿಧಾನ ವೇಗದ ಎಳೆತ ಸಿಕ್ಕಿದ್ದು ಇಂಥ ಕದಗಳಿಂದ.

ಅಷ್ಟರಲ್ಲಿ ಕಾನೂನು ಬಂತು. 1978ರಿಂದ ಅಮೆರಿಕದ ಹೊಗೆ ನಿಯಮ ಟು ಸ್ಟ್ರೋಕನ್ನು ರಸ್ತೆಯಿಂದ ತಳ್ಳುತ್ತ ಹೋಯಿತು. ಕಾನೂನು ತಪ್ಪು ಅನ್ನಲಾರೆ, ಬೆಂಗಳೂರಿನ ಸಿಗ್ನಲ್ಲಿನಲ್ಲಿ ನಿಂತು ಕೆಮ್ಮಿದವನು ನಾನು. 1996ರಲ್ಲಿ ಮೈಸೂರಿನ ಕಾರ್ಖಾನೆಯೂ ಮುಚ್ಚಿತು. 1997ರಲ್ಲಿ ಡಗ್ ಹೆನ್ರಿ ಯಮಾಹಾದ 400 ಸಿಸಿ ಫೋರ್ ಸ್ಟ್ರೋಕ್ ಏರಿ ಲಾಸ್ ವೇಗಾಸಿನ ಸೂಪರ್‌ಕ್ರಾಸ್ ಗೆದ್ದ. ಎದುರಾಳಿ ಟು ಸ್ಟ್ರೋಕುಗಳಿಗೆ 250 ಸಿಸಿಯ ಮಿತಿ! ಅದೇ ವರ್ಷ ಇಟಲಿಯ ಬಿಮೋಟಾ ಕಂಪನಿ ಕಾರ್ಬುರೇಟರ್ ಇಲ್ಲದ, ಇಂಜೆಕ್ಷನ್ನಿನ ಟು ಸ್ಟ್ರೋಕ್ ರಸ್ತೆ ಬೈಕು ತಂದು ಕೈ ಸುಟ್ಟುಕೊಂಡಿತು. ಎಲ್ಲರೂ ಶ್ರಾದ್ಧಕ್ಕೆ ದಿನ ನೋಡುತ್ತಿದ್ದರು.

ಉಳಿಸಿದ್ದು ಬೆಟ್ಟ. ಆಸ್ಟ್ರಿಯಾದ ಎರ್ಜ್‌ಬರ್ಗ್ ಎಂಬ ಕಬ್ಬಿಣದ ಗಣಿಯಲ್ಲಿ 1995ರಿಂದ ಎಂಡ್ಯೂರೋ ಸ್ಪರ್ಧೆ ನಡೆಯುತ್ತಿದೆ. ಅದರ ಮುಖ್ಯ ರೇಸಿನಲ್ಲಿ ಹೊರಡುವವರು ನೂರಾರು ಮಂದಿ, ಮುಗಿಸುವವರು ಬೆರಳೆಣಿಕೆ. ಬೈಕನ್ನು ಕೈಯಿಂದ ಎಳೆದು ಬಂಡೆ ಹತ್ತಿಸುವಾಗ ಪ್ರತಿ ಕೆಜಿಯೂ ಲೆಕ್ಕಕ್ಕೆ ಬರುತ್ತದೆ. ಅಲ್ಲಿ ಟು ಸ್ಟ್ರೋಕಿಗೆ ಬೆಲೆ ಇಳಿಯಲಿಲ್ಲ.

2017ರಲ್ಲಿ ಅದೇ ಆಸ್ಟ್ರಿಯಾದ ಕೆಟಿಎಂ (ಹತ್ತು ವರ್ಷ ಮೊದಲು ನಮ್ಮ ಬಜಾಜ್ ಪಾಲು ಕೊಂಡಿದ್ದ ಕಂಪನಿ) 250 ಮತ್ತು 300 ಸಿಸಿಯ ಇಂಜೆಕ್ಷನ್ ಟು ಸ್ಟ್ರೋಕ್ ಎಂಡ್ಯೂರೋಗಳನ್ನು ಹೊರತಂದಿತು. ಪೆಟ್ರೋಲು ಸಿಂಪಡಿಸುವುದು ಸಿಲಿಂಡರಿಗೆ ಗಾಳಿ ಬರುವ ದಾರಿಯಲ್ಲೇ. ಆಯಿಲ್‌ಗೆ ಬೇರೆ ಟ್ಯಾಂಕು, ಬೇರೆ ಪಂಪು. ಎಷ್ಟು ಹಾಕಬೇಕು ಅಂತ ಹೇಳುವುದು ಪುಟ್ಟ ಕಂಪ್ಯೂಟರ್. ಬೆಟ್ಟ ಹತ್ತಿದಂತೆ ಗಾಳಿ ತೆಳುವಾದರೆ ಅದೇ ಲೆಕ್ಕ ಬದಲಿಸುತ್ತದೆ, ಕಾರ್ಬುರೇಟರ್ ಬಿಚ್ಚಿ ಜೆಟ್ ಬದಲಿಸುವ ರಗಳೆ ಇಲ್ಲ. 2018ರ ಎರ್ಜ್‌ಬರ್ಗನ್ನು 43 ವರ್ಷದ ಗ್ರಹಾಂ ಜಾರ್ವಿಸ್ ಗೆದ್ದದ್ದು ಹಸ್ಕ್ವರ್ನಾದ ಇಂಥದೇ ಬೈಕಿನ ಮೇಲೆ. ಕೆಟಿಎಂನ 2024ರ ಮಾದರಿಗಳಲ್ಲಿ ಇಂಜೆಕ್ಟರಿನ ಜಾಗ ಮತ್ತೆ ಬದಲಾಯಿತು, ಪವರ್ ವಾಲ್ವಿನ ಕದವನ್ನೂ ಕಂಪ್ಯೂಟರೇ ತೆಗೆದು ಹಾಕತೊಡಗಿತು. ಕೆಲಸ ಮುಗಿದಿಲ್ಲ, ನಡೆಯುತ್ತಲೇ ಇದೆ.

ನಮ್ಮ ಸಾಫ್ಟ್‌ವೇರಿನಲ್ಲಿ ಹಳೆಯದನ್ನು ಕಂಡರೆ 'ಕಿತ್ತೆಸೆದು ಹೊಸದಾಗಿ ಬರೆಯೋಣ' ಅನ್ನುವುದು ಅಭ್ಯಾಸ. ನಾನೂ ಅಂದಿದ್ದೇನೆ. ಇಲ್ಲಿ ನೋಡಿದರೆ ಒಂದೇ ದೋಷದ ಬೆನ್ನು ಹತ್ತಿ ಮೂರು ತಲೆಮಾರು ದುಡಿದಿದೆ. ಒಬ್ಬ ಅಲೆಯಿಂದ ಹಿಡಿದ, ಇನ್ನೊಬ್ಬ ಕದ ಇಟ್ಟ, ಮತ್ತೊಬ್ಬ ಕೋಡ್ ಬರೆದ. ಎಂಜಿನ್ನಿನ ಮೂಲ ಮಾತ್ರ ಅದೇ.

2022ರಲ್ಲಿ ಯೆಜ್ಡಿ ಹೆಸರು ಮಾರುಕಟ್ಟೆಗೆ ಮರಳಿತು, ಆದರೆ ಫೋರ್ ಸ್ಟ್ರೋಕಾಗಿ. ಚಿಕ್ಕಪ್ಪನಿಗೆ ಫೋನ್ ಮಾಡಿ ಇದೆಲ್ಲ ವರದಿ ಒಪ್ಪಿಸಿದೆ. "ಅದಿರ್ಲಿ, ಬರೋವಾಗ ಟೂಟಿ ಆಯಿಲ್ ತಗೊಂಡ್ ಬಾ" ಅಂದರು.