ಗುಬ್ಬಿಯ ಹೆಲಿಕಾಪ್ಟರು, ನನ್ನ ಸೈಕಲ್ ಕುಂಟೆ

ನಮ್ಮ ಗುಬ್ಬಿ ತಾಲ್ಲೂಕಿನ ಬಿದರೆಹಳ್ಳ ಕಾವಲ್ ಅಂದ್ರೆ ಈಗ ಎಲ್ರಿಗೂ ಎಚ್‌ಎಎಲ್ ಹೆಲಿಕಾಪ್ಟರ್ ಫ್ಯಾಕ್ಟರಿ. 615 ಎಕರೆ. ಪ್ರಧಾನಿ ಮೋದಿಯವರು ಶಂಕುಸ್ಥಾಪನೆ ಮಾಡಿದ್ದು 2016ರ ಜನವರಿ 3ಕ್ಕೆ, ಉದ್ಘಾಟನೆ ಆಗಿದ್ದು 2023ರ ಫೆಬ್ರವರಿ 6ಕ್ಕೆ. ಈ ಏಳು ವರ್ಷ "ಕಾಂಪೌಂಡೇನೋ ಬಂತು, ಹೆಲಿಕಾಪ್ಟರ್ ಎಲ್ಲಪ್ಪಾ?" ಅಂತ ಸಂತೇಲಿ ನಗಾಡಿದವರಲ್ಲಿ ನಾನೂ ಒಬ್ಬ.

ಆಮೇಲೊಂದಿನ ತಾರೀಕುಗಳನ್ನ ಸಾಲಾಗಿ ಬರ್ಕೊಂಡು ನೋಡಿದೆ. ಇಲ್ಲಿ ತಯಾರಾಗಬೇಕಿದ್ದ ಲಘು ಹೆಲಿಕಾಪ್ಟರ್, ಅಂದ್ರೆ ಹಳೇ ಚೀತಾ, ಚೇತಕ್‌ಗಳ ಬದಲಿಗೆ ಬರೋ ಒಂಟಿ ಎಂಜಿನ್ನಿನ 3 ಟನ್ ವರ್ಗದ ಯಂತ್ರ, ಕಲ್ಲು ಹಾಕಿದ ದಿನ ಇನ್ನೂ ಹಾರೇ ಇರಲಿಲ್ಲ! ಮೊದಲನೇ ಮಾದರಿ ಬೆಂಗಳೂರಲ್ಲಿ ನೆಲ ಬಿಟ್ಟಿದ್ದು ಅದೇ ವರ್ಷ ಸೆಪ್ಟೆಂಬರ್ 6ಕ್ಕೆ. ಎರಡನೇದು 2017ರ ಮೇ 22ಕ್ಕೆ, ಮೂರನೇದು 2018ರ ಡಿಸೆಂಬರ್ 14ಕ್ಕೆ.

ಒಂದು ಹಾರಿದ ಮೇಲೆ ಇನ್ನೆರಡು ಯಾಕೆ ಅನ್ನಿಸ್ತು. ಆದ್ರೆ ಮಾಡಬೇಕಾದ ಪರೀಕ್ಷೆ ಒಂದೆರಡಲ್ಲ. 2018ರಲ್ಲಿ ನಾಗಪುರದ ಬಿಸಿಲು, ಚೆನ್ನೈ ಸಮುದ್ರಮಟ್ಟ. 2019ರಲ್ಲಿ ಪುದುಚೇರಿ, ಲೇಹ್‌ನ ಚಳಿ. ಅದೇ ಲೇಹ್‌ಗೆ ಆಗಸ್ಟ್ ಕೊನೆಗೆ ಮತ್ತೆ ಹೋದ್ರು. ಬೆಂಗಳೂರಿಂದ ಸುಮಾರು 3,000 ಕಿ.ಮೀ., ಮೂರು ದಿನ ಹಾರ್ಕೊಂಡೇ. ಯಾಕಂದ್ರೆ ಎತ್ತರಕ್ಕೆ ಹೋದಷ್ಟೂ ಗಾಳಿ ತೆಳು, ಬಿಸಿಯಾದ್ರೆ ಇನ್ನೂ ತೆಳು. ರೆಕ್ಕೆಗೂ ಹಿಡಿತ ಸಿಗಲ್ಲ, ಎಂಜಿನ್ನಿಗೂ ಉಸಿರು ಸಾಲಲ್ಲ. ಬೆಂಗಳೂರಲ್ಲಿ ಹೊತ್ತ ಭಾರ ಅಲ್ಲಿ ಹೊರುತ್ತೆ ಅಂತ ಕಾಗದದ ಮೇಲೆ ಬರೆದ್ರೆ ಸೈನಿಕ ನಂಬ್ತಾನಾ? ವಾಯುಪಡೆಯ ಮಾದರಿಗೆ ಆರಂಭಿಕ ಅನುಮತಿ ಸಿಕ್ಕಿದ್ದು 2020ರ ಫೆಬ್ರವರಿಗೆ.

ನಾನು ಮಾಡಿದ್ದು ಇದರ ಉಲ್ಟಾ. ರಾಗಿ ಸಾಲಿನ ಕಳೆಗೆ ಅಂತ ತುಮಕೂರಿನ ಒಂದು ವೆಲ್ಡಿಂಗ್ ಅಂಗಡೀಲಿ ಸೈಕಲ್ ಕುಂಟೆ ಮಾಡಿಸಿದೆ. ನಮ್ಮ ಮರಳು ಮಿಶ್ರಿತ ಕೆಂಪು ಮಣ್ಣಲ್ಲಿ ಬೆಣ್ಣೆ ಕುಯ್ದಂಗೆ ಹೋಯ್ತು. ಆ ಖುಷೀಲೇ ಇನ್ನೂ ಹತ್ತು ಮಾಡಿಸಿಬಿಟ್ಟೆ, ಮಾರೋಕೆ. ಮೊದಲನೇದನ್ನ ಕುಣಿಗಲ್ ಕಡೆ ಭಾವನ ಹೊಲಕ್ಕೆ ಒಯ್ದೆ. ಅದು ಕೆರೆ ಕೆಳಗಿನ ಜೇಡಿಮಣ್ಣು. ಹತ್ತು ಹೆಜ್ಜೆಗೆ ಚಕ್ರದ ತುಂಬಾ ಮಣ್ಣು ಮೆತ್ತಿಕೊಳ್ತು, ಬ್ಲೇಡು ಬಾಗಿತು. "ಭಾವ, ಇದು ನಿಮ್ಮೂರಿಗೆ ಸರಿ ಬಿಡಿ" ಅಂದ್ರು, ಪಾಪ, ನಗದೇ. ಹದಿನೆಂಟು ಸಾವಿರ ಶೆಡ್ಡಲ್ಲಿ ತುಕ್ಕು ಹಿಡೀತಾ ಕೂತಿದೆ.

ಒಂದನ್ನ ಮಾತ್ರ ಬಿಚ್ಚಿಸಿ, ಬ್ಲೇಡು ಕಿರಿದು ಮಾಡಿಸಿ, ಚಕ್ರಕ್ಕೆ ಮಣ್ಣು ಕೆರೆಯೋ ಪಟ್ಟಿ ಹಾಕಿಸಿದ್ದೀನಿ. ಈ ಮುಂಗಾರಿಗೆ ಅದು ಮೊದಲು ಇಳಿಯೋದು ನಮ್ಮ ಹೊಲಕ್ಕಲ್ಲ, ಕುಣಿಗಲ್ಲಿಗೆ.